ಜಪಾನಿಗೆ ಒಂದು ವರ್ಷ ಇಂಗ್ಲಿಷ್ ಕಲಿಸ್ಲಿಕ್ಕೆ ಹೋಗ್ಲೋ, ಇಲ್ಲೇ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರಕೋತ ಕೂಡ್ಲೋ?

ತಿಕೋಟಾದಾಕಿ

ಎಲ್ಲಾರಿಗೂ ನಮಸ್ಕಾರ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿವಿಯೊಳಗ ಇಂಗ್ಲಿಷ್ ಎಂ.ಎ. ಮಾಡಿ, ಆಮ್ಯಾಲ ಬಿ.ಎಡ್. ಮುಗಿಸೀನಿ. ಈಗ ಒಂದು ಸರಕಾರಿ ಹೈಸ್ಕೂಲಿನ್ಯಾಗ ಅತಿಥಿ ಶಿಕ್ಷಕಿ. ಪಗಾರ ಎಷ್ಟು, ಯಾವಾಗ ಬರ್ತದ ಅಂತ ಇಲ್ಲಿ ಇರೋರಿಗೆ ಹೇಳೋದ್ ಬ್ಯಾಡ.

ಜಪಾನ್ ಸರಕಾರದ ಜೆಟ್ ಕಾರ್ಯಕ್ರಮಕ್ಕ ಅರ್ಜಿ ಹಾಕಬೇಕಂತ ಮಾಡೀನಿ. ಅಲ್ಲಿನ ಶಾಲಿಯೊಳಗ ಒಂದು ವರ್ಷ ಸಹಾಯಕ ಇಂಗ್ಲಿಷ್ ಶಿಕ್ಷಕಿ ಆಗಿರೋದು. ವಿಮಾನದ ಖರ್ಚು ಅವರದು. ಪಗಾರ ವರ್ಷಕ್ಕ 40 ಲಕ್ಷ ಯೆನ್ ಆಸುಪಾಸು, ಅಂದ್ರ ನಮ್ಮ ಇಪ್ಪತ್ತು ಲಕ್ಷ ರೂಪಾಯಿ ದಾಟ್ತದ. ಅವ್ವ ಹೂಂ ಅಂದಾಳ. ಅಪ್ಪ ಇನ್ನೂ ಬಾಯಿ ಬಿಟ್ಟಿಲ್ಲ. ನಮ್ಮ ಕಾಕಾ ಮಾತ್ರ "ಹೋಗಿ ಬಂದ್ರ ಸರಕಾರಿ ನೌಕರಿ ಕೊಡ್ತಾರೇನು?" ಅಂತ ಒಂದೇ ಪಟ್ಟು ಹಿಡದಾನ. ನನ್ನ ಹಂತ್ಯಾಕ ಉತ್ತರ ಇಲ್ಲ. ಹೋಗಿ ಬಂದವರು ಯಾರರೆ ಇದ್ರ ಹೇಳ್ರಿ.

ಜಮಖಂಡಿ ಮಾಸ್ತರ

ನೋಡವ್ವಾ, ನಾನು ಮೂವತ್ತು ವರ್ಷದ ಮ್ಯಾಲ ಇಂಗ್ಲಿಷ್ ಕಲಿಸಿ ನಿವೃತ್ತಿ ಆದಾಂವ. ಖಾರ ಅನಸಿದ್ರ ಸಿಟ್ಟಾಗಬ್ಯಾಡ. ನಮ್ಮ ಸರಕಾರಿ ಶಾಲಿಗೆ ಒಂದನೆತ್ತೆಯಿಂದ ಇಂಗ್ಲಿಷ್ ಬಂದದ್ದು 2007-08ರಾಗ. ಅವತ್ತ ಕಲಿಸಾಕ ನಿಂತವರು ಯಾರು? ಕನ್ನಡ, ಸಮಾಜ ಕಲಿಸ್ತಿದ್ದವರ ಕೈಯಾಗ ಪುಸ್ತಕ ಕೊಟ್ಟು ನಿಲ್ಲಿಸಿದ್ರು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಐತಿ, ಅಲ್ಲಿ 30 ದಿನದ ತರಬೇತಿ ಕೊಡತಾರ, ಛಲೋ ಕೊಡತಾರ. ಆದ್ರ ಒಂದು ತಿಂಗಳಾಗ ನಾಲಿಗಿ ಹೊಳ್ಳತೈತೇನು? ಇಂಗ್ಲಿಷ್ ಎಂ.ಎ. ಮಾಡಿದ, ಹಳ್ಳಿಗೆ ಹೋಗಾಕ ತಯಾರಿರೋ ನಿನ್ನಂಥಾಕಿ ಜಪಾನಿಗೆ ಹ್ವಾದ್ರ ತಿಕೋಟಾದ ಹುಡುಗೂರಿಗೆ ಯಾರು?

ಇಂಡಿ ನಿಂಬೆಹಣ್ಣು

ಮಾಸ್ತರ, ಹನ್ನೆರಡು ಸಾವಿರಕ್ಕ ದುಡದು ಸೇವಾ ಮಾಡು ಅನ್ನೋದು ಪಿಂಚಣಿ ತಗೊಳ್ಳೋರಿಗೆ ಹಗುರ ರೀ.

ಜಮಖಂಡಿ ಮಾಸ್ತರ

ಅದು ಖರೇನ. ಆದ್ರೂ ನನ್ನ ಪ್ರಶ್ನೆ ಅಲ್ಲೇ ಉಳೀತು.

ಗಾಂಧಿಚೌಕ

ಭಾವನಾ ಆಮ್ಯಾಲ ನೋಡೂಣು. ಲೆಕ್ಕ ಮೊದಲು. ನಾನು ಟಿಇಟಿ, ಸಿಇಟಿ (ಶಿಕ್ಷಕರ ನೇಮಕಾತಿ ಪರೀಕ್ಷೆ) ಹುಡುಗರಿಗೆ ಪಾಠ ಹೇಳ್ತೀನಿ, ಹಿಂಗಾಗಿ ಇದು ದಿನಾ ನೋಡೋ ಕೆಲಸ.

2022ರಾಗ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ 15,000 ಕರದಿದ್ರು. ಅದರೊಳಗ 5,000 ಕಲ್ಯಾಣ ಕರ್ನಾಟಕಕ್ಕ. ನಮ್ಮ ವಿಜಯಪುರ, ಬಾಗಲಕೋಟಿ, ಬೆಳಗಾವಿ ಆ ಭಾಗಕ್ಕ ಮೀಸಲಾತಿ ಕೊಡೋ ಸಂವಿಧಾನದ 371(ಜೆ) ವಿಧಿಯ ಹೊರಗ. ಸಿಂದಗಿ ದಾಟಿ ಜೇವರ್ಗಿಗೆ ಹೋದ್ರ ಒಂದು ಲೆಕ್ಕ, ಈಚೆ ಕಡೆ ಇನ್ನೊಂದು ಲೆಕ್ಕ. ಅಂಥಾ ದೊಡ್ಡ ನೇಮಕಾತಿ ವರ್ಷ ವರ್ಷ ಬರೂದಿಲ್ಲ. ನೀವು ಅಲ್ಲಿದ್ದಾಗ ಅಧಿಸೂಚನೆ ಬಿತ್ತಂದ್ರ? ಅರ್ಜಿ ಆನ್‌ಲೈನ್ ಹಾಕಬಹುದು, ಪರೀಕ್ಷೆ ಆನ್‌ಲೈನ್ ಬರೀಲಿಕ್ಕೆ ಆಗೂದಿಲ್ಲ.

ಒಂದು ಸಮಾಧಾನ ಅದ. ಟಿಇಟಿ ಪ್ರಮಾಣಪತ್ರ ಮೊದಲು ಏಳು ವರ್ಷಕ್ಕ ಇತ್ತು, 2021ರಾಗ ಜೀವನಪೂರ್ತಿ ಮಾನ್ಯ ಮಾಡಿದ್ರು. ಈ ಸಲ ಅದನ್ನ ಪಾಸು ಮಾಡಿ ಕಪಾಟಿನ್ಯಾಗ ಇಟ್ಟು ಹೋಗ್ರಿ. ಅಷ್ಟು ಮಾಡ್ದೇ ಹೋದ್ರ ನಿಮ್ಮ ಕಾಕಾನ ಮಾತೇ ಗೆಲ್ತದ.

ಗೋಕಾಕ ಕರದಂಟು

ನಾನು ಜೆಟ್‌ನೊಳಗ ಹೋಗಿ ಬಂದಾಕಿ. ಊರ ಹೆಸರು ಬ್ಯಾಡ, ಸಣ್ಣ ಊರು, ಬಸ್ಸು ಸಂಜೀ ಆರಕ್ಕ ನಿಲ್ಲತಿತ್ತು. ಎಲ್ಲಿ ಹಾಕತಾರೋ ಅಲ್ಲಿ ಹೋಗಬೇಕು. ಮೂರು ಊರು ಕೇಳಬಹುದು ಅಷ್ಟ, ಕೊಡೂದು ಅವರ ಇಷ್ಟ. ಟೋಕಿಯೊ ಅಂತ ಕನಸು ಕಾಣಬ್ಯಾಡ ತಂಗಿ.

ಮೊದಲ ಮಾತು, ಇದು ಫೆಲೋಶಿಪ್ ಅಲ್ಲ, ಒಂದು ವರ್ಷದ ಕರಾರಿನ ನೌಕರಿ. ಎರಡೂ ಕಡೆ ಒಪ್ಪಿದ್ರ ಐದು ವರ್ಷದವರೆಗೂ ಮುಂದುವರೀತೈತಿ. ನೌಕರಿ ಅಂದಮ್ಯಾಲ ತೆರಿಗಿ, ಆರೋಗ್ಯ ವಿಮಾ, ಪಿಂಚಣಿ ಎಲ್ಲಾ ಹಿಡೀತಾರ. ಪಿಂಚಣಿಗೆ ಕಟ್ಟಿದ್ದರಾಗ ಒಂದಿಷ್ಟು ದೇಶ ಬಿಟ್ಟಮ್ಯಾಲ ಎರಡು ವರ್ಷದೊಳಗ ಅರ್ಜಿ ಹಾಕಿ ವಾಪಸ್ ತಗೋಬಹುದು, ಭಾಳ ಮಂದಿ ಮರೀತಾರ. ಮನಿ ಹಿಡಿಯೂ ಮುಂದ ಕೆಲವು ಕಡೆ ಮಾಲೀಕರಿಗೆ ರೇಯಿಕಿನ್ ಅಂತ ಕೊಡಬೇಕು, ನಮ್ಮ ಡಿಪಾಸಿಟ್ ಹಂಗ ತಿರುಗಿ ಬರೂದಿಲ್ಲ. ಮೊದಲ ಪಗಾರ ಕೈಗೆ ಬರೂತನಕ ಖರ್ಚಿಗೆ ರೊಕ್ಕ ಮನಿಂದಲೇ ಒಯ್ಯಬೇಕು. ಇದನ್ನ ಅಪ್ಪಾಗ ಮೊದಲ ಹೇಳು.

ಎರಡನೇದು ಊಟ. ನೀ ಶಾಖಾಹಾರಿ ಇದ್ರ ಒಣಗಿಸಿದ ಮೀನದ ಸಾರು ಎಲ್ಲಾದ್ರಾಗೂ ಇರತೈತಿ. ತೋಫು ಅಂತ ಕೊಟ್ಟಿದ್ರ ಮ್ಯಾಲೂ ಮೀನದ ಚೂರು ಉದುರಿಸಿರತಾರ. ಶಾಲ್ಯಾಗ ಮಧ್ಯಾಹ್ನದ ಊಟ ಮಕ್ಕಳೇ ಬಡಸತಾರ, ಟೀಚರ್ ಅವರ ಜೋಡೀನ ಕುಂತು ಉಣಬೇಕು. ಡಬ್ಬಿ ತರತೀನಿ ಅಂತ ಮೊದಲೇ ಹೇಳಿದ್ರ ಒಪ್ಪತಾರ. ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಜೀವಾ ಉಳಸತಾವ.

ಕಲಿಸೂದರ ಬಗ್ಗೆ ಆಮ್ಯಾಲ ಬರೀತೀನಿ, ಮಗಾ ಎದ್ದಾನ.

ಇಂಡಿ ನಿಂಬೆಹಣ್ಣು

ಒಂದ್ ಎಚ್ಚರಿಕಿ. ನಮ್ಮ ಕಡೆ "ವಿದೇಶದಾಗ ಟೀಚರ್ ಮಾಡಿಸ್ತೀವಿ" ಅಂತ ಆಫೀಸ್ ತೆಗದು ನೋಂದಣಿ ಫೀ, ಫೈಲ್ ಫೀ ಅಂತ ರೊಕ್ಕ ಕೀಳೋರು ಅದಾರ. ನಮ್ಮ ಓಣಿಯ ಒಬ್ಬ ಹುಡುಗ ಎರಡು ಎಕರೆ ಲಾವಣಿ (ಗೇಣಿ) ರೊಕ್ಕ ಕಳಕೊಂಡ. ಜೆಟ್ ಇರಲಿ, ಅಮೆರಿಕದ ಫುಲ್‌ಬ್ರೈಟ್ ಫೆಲೋಶಿಪ್ ಇರಲಿ, ಅರ್ಜಿಗೆ ಒಂದ್ ರೂಪಾಯಿ ಇಲ್ಲ. ರೊಕ್ಕ ಕೇಳಿದ್ರು ಅಂದ್ರ ಅಲ್ಲಿಂದ ಎದ್ದು ಬರೋದ.

ಟಿಳಕವಾಡಿ

ಫುಲ್‌ಬ್ರೈಟ್ ಹೆಸರು ಬಂದದ್ದಕ್ಕೆ ಹೇಳುತ್ತೇನೆ. ಭಾಷಾ ಬೋಧನಾ ಸಹಾಯಕರ ಫುಲ್‌ಬ್ರೈಟ್‌ನಲ್ಲಿ ನಾನು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಒಂದು ಶೈಕ್ಷಣಿಕ ವರ್ಷ ಇದ್ದೆ, ಅಂದರೆ ಒಂಬತ್ತು ತಿಂಗಳು. ಅರ್ಜಿ ಹಾಕುವುದು ನಮ್ಮಂಥ ಇಂಗ್ಲಿಷ್ ಶಿಕ್ಷಕರು, ಆದರೆ ಅಲ್ಲಿ ಕಲಿಸುವುದು ಇಂಗ್ಲಿಷ್ ಅಲ್ಲ. ಹಿಂದಿ, ಉರ್ದು, ಬಂಗಾಳಿಯಂಥ ಭಾಷೆಗಳು. ನಾನು ಹಿಂದಿ ಕಲಿಸಿದೆ. ಬೆಳಗಾವಿಯವಳಿಗೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ ಇದ್ದದ್ದು ಉಪಯೋಗಕ್ಕೆ ಬಂತು. ತಿಂಗಳ ಭತ್ಯೆ, ವಿಮೆ, ಪ್ರಯಾಣ ಎಲ್ಲ ಅವರದೇ, ಜೊತೆಗೆ ನಾವೂ ಪ್ರತಿ ಸೆಮಿಸ್ಟರ್ ಅಲ್ಲಿ ಕೋರ್ಸ್ ತೆಗೆದುಕೊಳ್ಳಬೇಕು. ಇದು ನಿಜವಾದ ಫೆಲೋಶಿಪ್, ಉಳಿತಾಯ ಕಡಿಮೆ.

ವೀಸಾದ ಷರತ್ತು ಗಮನಿಸಿ. ಫುಲ್‌ಬ್ರೈಟ್‌ನ ಜೆ-1 ವಿನಿಮಯ ವೀಸಾದಲ್ಲಿ ಹೋದವರು ಮರಳಿ ಬಂದು ಎರಡು ವರ್ಷ ಸ್ವದೇಶದಲ್ಲೇ ಇರಬೇಕು, ಅಲ್ಲಿಯವರೆಗೆ ಎಚ್-1ಬಿ ಕೆಲಸದ ವೀಸಾ ಆಗಲಿ, ಗ್ರೀನ್ ಕಾರ್ಡ್ ಆಗಲಿ ಸಿಗುವುದಿಲ್ಲ. ಮಾಸ್ತರರಿಗೆ ಇದು ಸಮಾಧಾನ ಕೊಡಬಹುದು.

ಇನ್ನೊಂದು ವಿಷಯ ನನಗೆ ಈಗಲೂ ಚುಚ್ಚುತ್ತದೆ. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವ ವೀಸಾ ಸರಾಗವಾಗಿ ಸಿಗುವುದು ಏಳು ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಅವರಿಗೆ ಯಾವುದೋ ಒಂದು ಪದವಿ ಇದ್ದರೆ ಸಾಕು. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಒಪ್ಪಂದದಿಂದ ನಮಗೂ ಬಾಗಿಲು ತೆರೆಯಿತು, ಆದರೆ ನಮ್ಮ ಹತ್ತಿರ ಶಿಕ್ಷಕ ಅರ್ಹತೆಯ ಪ್ರಮಾಣಪತ್ರ ಬೇಕು. ಭೂಗೋಳದ ಪದವೀಧರ ಕೆನಡಾದವನು ಸಾಕು, ಇಂಗ್ಲಿಷ್ ಎಂ.ಎ. ಮಾಡಿದ ತಿಕೋಟಾದವಳು ಬಿ.ಎಡ್. ತೋರಿಸಬೇಕು. ಭಾಷೆ ನೋಡುತ್ತಾರೋ ಪಾಸ್‌ಪೋರ್ಟ್ ನೋಡುತ್ತಾರೋ?

ಗಾಂಧಿಚೌಕ

ಅಕ್ಕಾರ, ಸಿಟ್ಟು ಬರ್ತದ ಖರೆ. ಆದ್ರ ಇಕಿ ಹಂತ್ಯಾಕ ಬಿ.ಎಡ್. ಅದ ಅಲ್ಲ? ಇದ್ದ ಕಾಗದ ತೋರಿಸಿ ಹೋಗೋದು.

ಟಿಳಕವಾಡಿ

ಹೋಗಲಿ, ಬೇಡ ಅಂದವರಾರು? ಅಲ್ಲಿ ಸ್ಟಾಫ್ ರೂಮಿನಲ್ಲಿ ಕುಳಿತಾಗ "ನಿಮ್ಮ ಇಂಗ್ಲಿಷ್ ಎಲ್ಲಿಯದು?" ಅನ್ನುವ ಪ್ರಶ್ನೆ ಬರುತ್ತದೆ. ಅದಕ್ಕೆ ಮೊದಲೇ ಗಟ್ಟಿಯಾಗಿ ಹೋಗಬೇಕು ಅಂತಷ್ಟೇ.

ಗೋಕಾಕ ಕರದಂಟು

ಬರತೈತಿ ಆ ಪ್ರಶ್ನೆ. ಜೆಟ್ ಒಳಗ ಸುಮಾರು ಅರ್ಧ ಮಂದಿ ಅಮೆರಿಕದವರು, ಭಾರತದವರು ಬೆರಳೆಣಿಕಿ. ಮಕ್ಕಳು ಮೊದಲ ವಾರ ನನ್ನ ಹಣಿ ಮ್ಯಾಲಿನ ಕುಂಕುಮ ನೋಡಿದ್ರು, ಎರಡನೇ ವಾರದಿಂದ ನಾ ಬರೇ ಇಂಗ್ಲಿಷ್ ಟೀಚರ್.

ಈಗ ಮಾಸ್ತರ ಪ್ರಶ್ನೆಗೆ ಬರತೀನಿ. ಇಂಗ್ಲಿಷ್ ಕಲಿಸೂದು ಕಲೀಬೇಕಂದ್ರ ಇಂಗ್ಲೆಂಡಿಗೆ ಹೋಗಿ ಪ್ರಯೋಜನ ಇಲ್ಲರಿ. ಅಲ್ಲಿ ಹುಡುಗರು ಹುಟ್ಟಿದಾಗಿಂದ ಅದನ್ನ ಕೇಳಿರತಾರ. ಜಪಾನಿನ ಹಳ್ಳಿ ಹುಡುಗ ನಮ್ಮ ತಿಕೋಟಾದ ಹುಡುಗನ ಹಂಗ. ಮನ್ಯಾಗ ಇಂಗ್ಲಿಷ್ ಇಲ್ಲ, ಓಣ್ಯಾಗ ಇಲ್ಲ, ಶಾಲಿ ಬಿಟ್ರ ಎಲ್ಲೂ ಇಲ್ಲ. ಅಲ್ಲಿ ಪ್ರಾಥಮಿಕ ಶಾಲಿ ಐದು, ಆರನೆತ್ತೆಗೆ ಇಂಗ್ಲಿಷ್ ಪೂರ್ತಿ ವಿಷಯ ಆದದ್ದು 2020ರಾಗ. ಹಂಗಂದ್ರ ನಮಗಿಂತ ತಡಾ. ಅವರ ಪ್ರಾಥಮಿಕ ಟೀಚರ್‌ಗೂ ಇಂಗ್ಲಿಷ್ ಅಂದ್ರ ಅಂಜಿಕಿ. ಅಂಥಾ ಟೀಚರ್ ತಾನೂ ಅಂಜಕೋತ, ಮಕ್ಕಳ ಬಾಯಿ ಹೆಂಗ ಬಿಡಸತಾರ ಅನ್ನೂದು ನನಗ ಅಲ್ಲಿ ಕಂಡದ್ದು.

ಒಂದು ಉದಾಹರಣಿ. ಪಾಠದ ಒಂದೇ ವಾಕ್ಯ ತಗೊಂಡು ಇಡೀ ಕ್ಲಾಸು ಎದ್ದು ನಿಲ್ಲೂದು. ಬಾಜೂದಾಂವಗ ಪ್ರಶ್ನೆ ಕೇಳಬೇಕು, ಅಂವ ಉತ್ತರ ಹೇಳಬೇಕು, ಇಬ್ಬರೂ ಹೇಳಿದಮ್ಯಾಲ ಕೂಡಬೇಕು. ಎರಡು ನಿಮಿಷದಾಗ ಮೂವತ್ತು ಮಂದಿ ಮಾತಾಡಿರತಾರ. ನಮ್ಮಲ್ಲಿ? ಟೀಚರ್ ಓದತಾರ, ಹುಡುಗೂರು ಒಂದೇ ರಾಗದಾಗ ಹಿಂದ ಹೇಳತಾವ, ಗಂಟಿ ಹೊಡೀತೈತಿ. ನಾನು ಬಂದಮ್ಯಾಲ ಇದನ್ನ ನಮ್ಮ ಶಾಲ್ಯಾಗ ಮಾಡಸತೀನಿ. ಚಾರ್ಟ್ ಬ್ಯಾಡ, ಸ್ಮಾರ್ಟ್ ಬೋರ್ಡ್ ಬ್ಯಾಡ, ಪಗಾರ ಬರದಿದ್ರೂ ಮಾಡಬಹುದು.

ಜಮಖಂಡಿ ಮಾಸ್ತರ

ಛಲೋ ಹೇಳಿದೆವ್ವಾ. ಆದ್ರ ಅಲ್ಲಿ ಕ್ಲಾಸಿನ್ಯಾಗ ಟೀಚರ್ ಎಷ್ಟು ಮಂದಿ? ನೀನು ಮತ್ತ ಅವರ ಟೀಚರ್, ಇಬ್ಬರು. ಹುಡುಗೂರು ಮೂವತ್ತು ಮೂವತ್ತೈದು. ನಮ್ಮಲ್ಲಿ ಒಬ್ಬಾಕಿ ಎರಡು ಮೂರು ಎತ್ತೆ ಕೂಡಿಸಿಕೊಂಡು ಕುಂತಿರತಾಳ, ಬಿಸಿಯೂಟದ ಲೆಕ್ಕಾ ಬರೀತಾಳ, ಚುನಾವಣಾ ಕೆಲಸಕ್ಕೂ ಹೋಗತಾಳ. ಅರವತ್ತು ಹುಡುಗೂರನ್ನ ಎದ್ದು ನಿಲ್ಲಿಸಿದ್ರ ಕೂಡಸೂದು ಯಾರು? ಹೆಡ್ ಮಾಸ್ತರ ಬಂದು "ಏನಿದು ಗದ್ದಲಾ" ಅಂತಾನ. ನಾನೂ ಅಂದೇನಿ ಹಂಗ, ನನ್ನ ಕಾಲದಾಗ.

ಗೋಕಾಕ ಕರದಂಟು

ಅದು ನನಗೂ ಆತು. ಮೊದಲ ಸಲ ಬಾಜೂ ಕ್ಲಾಸಿನ ಸರ್ ಬಾಗಲಕ್ಕ ಬಂದು ನಿಂತಿದ್ರು. ಈಗ ಅರ್ಧ ಕ್ಲಾಸು ನಿಲ್ಲತೈತಿ, ಅರ್ಧ ಬರೀತೈತಿ, ಆಮ್ಯಾಲ ಅದಲ್ ಬದಲ್. ಎಲ್ಲಾ ಇಲ್ಲಿಗೆ ಒಗ್ಗಲಿಲ್ಲ, ಅದೂ ಖರೆ. ಅಲ್ಲಿನ ಬಿಂಗೋ ಆಟಗಳು ಇಲ್ಲಿ ಒಂದು ದಿನಾನೂ ನಡೀಲಿಲ್ಲ, ಕಾಗದದ ಖರ್ಚಿಗೆ ರೊಕ್ಕ ಎಲ್ಲಿಂದ?

ಮತ್ತ ಅಲ್ಲೆಲ್ಲಾ ಸುಖ ಅಂತ ಯಾರೂ ತಿಳಕೋಬ್ಯಾಡ್ರಿ. ಮಾಧ್ಯಮಿಕ ಶಾಲಿ ಕೊನೇ ವರ್ಷದಾಗ ಹೈಸ್ಕೂಲ್ ಪ್ರವೇಶ ಪರೀಕ್ಷೆ ಬರತೈತಿ, ನಮ್ಮ ಎಸ್ಸೆಸ್ಸೆಲ್ಸಿ ಗಾಬರೀನೇ. ಜನವರಿ ಬಂತಂದ್ರ ಅವರ ಟೀಚರ್ ಬರೇ ವ್ಯಾಕರಣ, ಬರೇ ಅನುವಾದ. ನನ್ನ ಕಡೆಯಿಂದ ಪದ ಓದಸತಿದ್ರು, ಮಕ್ಕಳು ಹಿಂದ ಹೇಳತಿದ್ರು. ಗಂಟೆಗಟ್ಟಲೆ ಸ್ಟಾಫ್ ರೂಮಿನ್ಯಾಗ ಖಾಲಿ ಕುಂತೇನಿ. ಕೆಲವು ಶಾಲ್ಯಾಗ ಇಡೀ ವರ್ಷ ಹಿಂಗ ಇರತೈತಿ. ಯಾವ ಶಾಲಿ, ಯಾವ ಟೀಚರ್ ಸಿಗತಾರ ಅನ್ನೂದು ನಮ್ಮ ಕೈಯಾಗಿಲ್ಲ.

ಗಾಂಧಿಚೌಕ

ಹಂಗಾದ್ರ ಕೇಳ್ತೀನಿ, ತಪ್ಪ ತಿಳೀಬ್ಯಾಡ್ರಿ. ಬಂದಮ್ಯಾಲ ಆ ವರ್ಷಕ್ಕ ಇಲ್ಲಿ ಏನು ಬೆಲಿ ಕೊಟ್ರು?

ಗೋಕಾಕ ಕರದಂಟು

ಸರಕಾರಿ ನೇಮಕಾತ್ಯಾಗ ಒಂದು ಅಂಕಾನೂ ಇಲ್ಲ. ಖಾಸಗಿ ಶಾಲಿಯವರು ಜಾಹೀರಾತಿನ್ಯಾಗ "ಜಪಾನ್ ರಿಟರ್ನ್ಡ್" ಅಂತ ನನ್ನ ಫೋಟೋ ಹಾಕಿದ್ರು, ಪಗಾರ ಮಾತ್ರ ಬಾಕಿಯವರಷ್ಟೇ. ರೊಕ್ಕದ ಲೆಕ್ಕ ಹೇಳಬೇಕಂದ್ರ ಅಪ್ಪನ ಸಾಲಾ ತೀರಿತು, ತಮ್ಮನ ಡಿಪ್ಲೊಮಾ ಫೀ ಹೋತು. ನನಗಷ್ಟು ಸಾಕಾತು. ಎಲ್ಲಾರಿಗೂ ಸಾಕಾಗಬೇಕಂತಿಲ್ಲ.

ಇಂಡಿ ನಿಂಬೆಹಣ್ಣು

ಕಾಕಾಗ ಇದನ್ನ ಓದಿ ಹೇಳ್ಬ್ಯಾಡ ತಂಗಿ. ಅಪ್ಪಾಗ ಸಾಲಾ ತೀರಿದ್ದಷ್ಟೇ ಓದಿ ಹೇಳು.

ಟಿಳಕವಾಡಿ

ಮದುವೆಯ ಮಾತು ಯಾರೂ ಎತ್ತಲಿಲ್ಲ. ಅದೇ ಆಶ್ಚರ್ಯ. ನಾನು ಹೊರಟಾಗ ಮನೆಗೆ ಬಂದವರೆಲ್ಲ ಕೇಳಿದ್ದು ಅದೊಂದೇ.

ತಿಕೋಟಾದಾಕಿ

ಅಕ್ಕಾ, ಇಲ್ಲಿ ಎತ್ತಿಲ್ಲ ಅಷ್ಟ. ಮನ್ಯಾಗ ಅಪ್ಪ ಬಾಯಿ ಬಿಡದಿರೋದು ಅದಕ್ಕ ಅಂತ ಅವ್ವ ಹೇಳ್ಯಾಳ.

ಎಲ್ಲಾರಿಗೂ ಉಪಕಾರ ಆತು. ಮಾಸ್ತರ, ನಿಮ್ಮ ಮಾತು ತಲಿಯೊಳಗ ಉಳದದ. ಆದ್ರ ನಾ ಇದ್ರೂ ಮುಂದಿನ ಜೂನಿನ್ಯಾಗ ನನ್ನನ್ನ ತಿರುಗಿ ಕರೀತಾರ ಅಂತ ಯಾರೂ ಬರದು ಕೊಟ್ಟಿಲ್ಲ. ನಾ ಹೋದ್ರ ಶಾಲಿ ಖಾಲಿ ಆಗ್ತದ ಅಂತೀರಿ. ನಾ ಇದ್ದಾಗೂ ಪ್ರತಿ ಮಾರ್ಚಿಗೆ ಅದು ಖಾಲೀನೇ ಆಗ್ತದ.

ಈಗ ಹಿಂಗ ಮಾಡೀನಿ. ಟಿಇಟಿಗೆ ಓದೋದು ಬಿಡೂದಿಲ್ಲ. ಜೆಟ್ ಅರ್ಜಿ ಮಳಿಗಾಲ ಮುಗಿಯೋ ಹೊತ್ತಿಗೆ ಬರ್ತದಂತ, ಅದನ್ನೂ ಹಾಕ್ತೀನಿ. ಹೊರಡೋದು ಜುಲೈ ಕೊನಿಗೆ, ಅಷ್ಟರೊಳಗ ಟಿಇಟಿ ಫಲಿತಾಂಶ ಬಂದಿರ್ತದ ಅಂತ ನಂಬೀನಿ. ಕರದಂಟು ಅಕ್ಕಾ, ಕಾಗದ ಪತ್ರ ಏನೇನು ಬೇಕು?

ಜಮಖಂಡಿ ಮಾಸ್ತರ

ಮಾರ್ಚಿನ ಮಾತು ಖರೆ ಐತವ್ವಾ. ಅದಕ್ಕ ನನ್ನ ಹಂತ್ಯಾಕ ಉತ್ತರ ಇಲ್ಲ. ಶಿಫಾರಸು ಪತ್ರ ಬೇಕಾದ್ರ ಹೇಳು, ನಿಮ್ಮ ಕಾಲೇಜಿನವರು ನನಗ ಪರಿಚಯ ಅದಾರ. ಹೋಗಬ್ಯಾಡ ಅಂತ ಮಾತ್ರ ಅದರಾಗ ಬರ್ಯೂದಿಲ್ಲ.

ಗೋಕಾಕ ಕರದಂಟು

ಶಿಫಾರಸು ಪತ್ರ ಎರಡು ಬೇಕು, ಮಾಸ್ತರನ್ನ ಬಿಡಬ್ಯಾಡ. ಯಾಕ ಹೋಗಬೇಕು ಅಂತ ಎರಡು ಪುಟದ ಪ್ರಬಂಧ ಇರತೈತಿ, ಅದರಾಗ "ಜಪಾನಿನ ಸಂಸ್ಕೃತಿ ನನಗೆ ಇಷ್ಟ" ಅಂತ ಬರದು ಪುಟಾ ತುಂಬಿಸಬ್ಯಾಡ. ನಿನ್ನ ಕ್ಲಾಸಿನ ಹುಡುಗೂರ ಬಗ್ಗೆ ಬರಿ. ಪಾಸ್‌ಪೋರ್ಟ್ ಇಲ್ಲದಿದ್ರ ಇವತ್ತೇ ಅರ್ಜಿ ಹಾಕು, ಪೊಲೀಸ್ ಪರಿಶೀಲನಾ ಯಾವಾಗ ಮುಗೀತೈತಿ ಅಂತ ಹೇಳಾಕ ಆಗೂದಿಲ್ಲ. ಗಾಡಿ ಲೈಸೆನ್ಸ್ ಇದ್ರ ಹೊರಡೂ ಮುಂದ ಆರ್‌ಟಿಓದಾಗ ಅಂತರರಾಷ್ಟ್ರೀಯ ಪರವಾನಗಿ ಮಾಡಿಸು, ಅಲ್ಲಿ ಒಂದು ವರ್ಷ ನಡೀತೈತಿ. ಬಸ್ಸು ಆರಕ್ಕ ನಿಲ್ಲೂ ಊರು ಸಿಕ್ರ ಅದೇ ಗತಿ. ಪದವಿ ಪತ್ರ ಘಟಿಕೋತ್ಸವದ್ದು ಕೈಯಾಗ ಐತೇನು, ತಾತ್ಕಾಲಿಕದ್ದು ಅಷ್ಟೇನು?

ತಿಕೋಟಾದಾಕಿ

ತಾತ್ಕಾಲಿಕದ್ದು ಅಷ್ಟ ಅದ. ಸೋಮವಾರ ತೊರವಿಯೊಳಗಿನ ನಮ್ಮ ವಿವಿಗೆ ಹೋಗಿ ಮೂಲ ಪತ್ರಕ್ಕ ಅರ್ಜಿ ಕೊಟ್ಟು ಬರ್ತೀನಿ. ಲೈಸೆನ್ಸ್ ಇಲ್ಲ. ಅಪ್ಪಾಗ ಈ ಮಾತು ಹೇಳಿದೆ, ಒಂದು ವಾರದಿಂದ ಮೊದಲ ಸಲ ಮಾತಾಡಿದ್ರು: "ಗಾಡಿ ನಾ ಕಲಸ್ತೀನಿ, ಆ ಹೊರಗಿನ ಕ್ಲಾಸಿಗೆ ರೊಕ್ಕ ಕೊಡಬ್ಯಾಡ."