ನನ್ನ ಕೆಂಪು ಕಾರಿನ ಜೀರುಂಡೆ

ಮಗಳೇ, ನಿನ್ನ ಸಂದೇಶ ನೋಡಿದೆ. ಹೊಸ ಕಾರಿಗೆ ಲೀಟರಿಗೆ 24 ಕಿಲೋಮೀಟರ್ ಎಂದು ಅಚ್ಚು ಹಾಕಿದ್ದಾರೆ, ನಮ್ಮದು 16 ದಾಟುತ್ತಿಲ್ಲ, ದೋಷದ ಗಾಡಿಯೇ ನಮ್ಮ ಪಾಲಿಗೆ ಬಂತೇ ಎಂದು ಕೇಳಿದ್ದೀಯೆ. ಮೊದಲು ನನ್ನ ಕೆಂಪು ಕಾರಿನ ಕತೆ ಕೇಳು. ನಿನ್ನ ಅಮ್ಮನಿಗೆ ಗೊತ್ತು, ಆದರೂ ಕೇಳು.

ಅದಕ್ಕೆ ಮುಂಚೆ ಆ ಬಿಳಿಯದು ಇತ್ತಲ್ಲ, ಇಬ್ಬರು ಓಡಿಸಿ ಬಿಟ್ಟದ್ದು. ಮನೆ ಮುಟ್ಟಿಸಿದರೆ ಸಾಕು ಎಂದು ಕೊಂಡಿದ್ದೆ. ಒಮ್ಮೆ ಕಿಟಕಿ ಏರಿಸುವ ಹಿಡಿ ಕೈಗೇ ಕಿತ್ತು ಬಂತು. ನಾನೂ ನಿನ್ನ ದೊಡ್ಡಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೆಂಪು ಕಾರನ್ನು ಎಂಟು ತಿಂಗಳು ಕಾದು, ಜಾಹೀರಾತು ಬಾಯಿಪಾಠ ಮಾಡಿ ತಂದೆ. ಮೂರನೇ ದಿನ ಡ್ಯಾಶ್‌ಬೋರ್ಡಿನೊಳಗೆ ಜೀರುಂಡೆಯಂಥ ಸದ್ದು. ಪಕ್ಕದಲ್ಲಿ ಕುಳಿತವರಿಗೆ ಅದು ಕೇಳಿಸುತ್ತಲೇ ಇರಲಿಲ್ಲ, ನನಗೆ ಬೇರೇನೂ ಕೇಳಿಸುತ್ತಿರಲಿಲ್ಲ. ಕಾಗದ ಮಡಚಿ ಸಂದಿಗೆ ತುರುಕಿದೆ. ದಿನವೂ ಮೈಲೇಜು ಬರೆದಿಟ್ಟು ಕೊರಗಿದೆ. ಎರಡು ವರ್ಷ ಒಂದು ದಿನವೂ ಸುಖವಾಗಿ ಓಡಿಸಲಿಲ್ಲ. ಒಳ್ಳೆಯ ಕಾರೇ ಅದು! ಅಚ್ಚಾದ ಅಂಕಿಯನ್ನು ತಲೆಯಲ್ಲಿಟ್ಟುಕೊಂಡು ಸ್ಟಿಯರಿಂಗ್ ಹಿಡಿಯಬೇಡ.

ಆ ಅಂಕಿ ಹುಟ್ಟುವುದು ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ ಚಕ್ರ ತಿರುಗಿಸಿ, ಸಾಮಾನ್ಯವಾಗಿ ಎಸಿ ಹಾಕದೆ. ಅಲ್ಲಿ ಸಿಗ್ನಲ್ ಇಲ್ಲ, ಹಿಂದಿನ ಸೀಟಿನಲ್ಲಿ ಮೂವರಿಲ್ಲ. ಯೂರೋಪಿನಲ್ಲಿ 2017ರಿಂದ ಡಬ್ಲ್ಯುಎಲ್‌ಟಿಪಿ ಎಂಬ ಬಿಗಿಯಾದ ಪರೀಕ್ಷೆ ತಂದರು. ಅಚ್ಚಾದ ಅಂಕಿಗೂ ರಸ್ತೆಯಲ್ಲಿ ಸಿಗುವ ಮೈಲೇಜಿಗೂ ಇರುವ ಅಂತರ ಕಿರಿದಾಯಿತು, ಅಳಿಯಲಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಅಚ್ಚಾದ ಅಂಕಿಯನ್ನು ತಲೆಯಲ್ಲಿಟ್ಟುಕೊಳ್ಳಬೇಡ.

ನನ್ನ ಮಾತು ಯಾರಿಗೆ ಬೇಕು? ಕಾರು ಆರಿಸುವಾಗ ನಮ್ಮ ಮನೆಯವರ ಈ ಗುಂಪಿನಲ್ಲಿ ನಲವತ್ತು ವಿಡಿಯೊ ಹಾಕಿದಿರಿ. ನನ್ನನ್ನು ಕೇಳಿದ್ದು ಬಣ್ಣ ಒಂದೇ, ಅದನ್ನೂ ತರಲಿಲ್ಲ. ನಿನ್ನ ಚಿಕ್ಕಪ್ಪನಂತೂ ನಾನು ಊರಲ್ಲಿಲ್ಲದಾಗ ಬಿಳಿ ಕಾರನ್ನು ಗುಜರಿಗೆ ಹಾಕಿದ. ಆ ಹಿಡಿ ಮಾತ್ರ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಅಯ್ಯೋ, ಹೇಳಬೇಕಾದದ್ದನ್ನೇ ಬಿಟ್ಟೆ. ಪರದೆಯ ಮೇಲಿನ ಮೈಲೇಜನ್ನೇ ನೆಚ್ಚಿಕೊಳ್ಳಬೇಡ. ಟ್ಯಾಂಕ್ ಪೂರ್ತಿ ತುಂಬಿಸಿ, ಓಡೋಮೀಟರ್ ತೋರಿಸುವ ಒಟ್ಟು ಕಿಲೋಮೀಟರ್ ಬರೆದುಕೊಂಡು, ಎಂದಿನಂತೆ ಓಡಿಸಿ, ಮತ್ತೆ ಪೂರ್ತಿ ತುಂಬಿಸು. ಓಡಿದ ದೂರವನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸು. ಮೂರು ಸಲ ಹೀಗೆ ಮಾಡು. ಟೈರಿನ ಗಾಳಿಯನ್ನು ಗಾಡಿ ಓಡಿಸುವ ಮೊದಲೇ, ಟೈರು ತಣ್ಣಗಿರುವಾಗ ನೋಡು. ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ಪುಟ್ಟ ಓಡಾಟಗಳಿಗೆ ಕಿಲೋಮೀಟರಿಗೆ ಇಂಧನ ಹೆಚ್ಚು ಬೇಕು, ಅದೂ ಲೆಕ್ಕದಲ್ಲಿರಲಿ. ಮೂರು ಸಲವೂ ಮೈಲೇಜು ಇಳಿಯುತ್ತಲೇ ಹೋದರೆ ಲೆಕ್ಕ ಬರೆದ ಚೀಟಿ ಹಿಡಿದು ಸರ್ವೀಸಿಗೆ ಹೋಗು. ನನಗೂ ಕಳುಹಿಸು, ಆದರೆ ಗುಂಪಿಗೆ ಬೇಡ; ನಿನ್ನ ಚಿಕ್ಕಪ್ಪ ಇನ್ನೊಂದು ವಿಡಿಯೊ ಹಾಕುತ್ತಾನೆ.