ಮೆಜೊಟಿಂಟ್‌ಗೆ ಕನ್ನಡದಲ್ಲಿ ಏನನ್ನೋಣ? ‘ಅರೆಬಣ್ಣ’ ಯಾಕೋ ಸರಿಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ.

ಹಳೆಯ ಇಂಗ್ಲಿಷ್ ಅಚ್ಚುಚಿತ್ರಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ‘ಮೆಜೊಟಿಂಟ್’ ಬಂದು ಅಡ್ಡ ಕೂತಿದೆ. ತಾಮ್ರದ ತಗಡಿನಿಂದ ಚಿತ್ರ ಅಚ್ಚೊತ್ತುವ ಒಂದು ಹಳೆಯ ವಿಧಾನ ಅದು. ಇಟಾಲಿಯನ್ನಿನಲ್ಲಿ ಮೆಜೊ ಅಂದರೆ ಅರ್ಧ, ತಿಂತೊ ಅಂದರೆ ಬಣ್ಣ ಕೊಟ್ಟದ್ದು. ಸರಿ, ‘ಅರೆಬಣ್ಣದ ಅಚ್ಚು’ ಅಂತ ಬರೆದೆ. ಓದಿದ ಗೆಳೆಯರೊಬ್ಬರು ‘ಅರ್ಧ ಬಣ್ಣ ಹಾಕಿ ಬಿಟ್ಟಿದ್ದಾ?’ ಅಂತ ಕೇಳಿದರು. ಪ್ರೆಸ್ಸಿನಲ್ಲಿ ದುಡಿದ ಇನ್ನೊಬ್ಬರು ಪತ್ರಿಕೆಯಲ್ಲಿ ಚುಕ್ಕೆಚುಕ್ಕೆಯಾಗಿ ಫೋಟೊ ಮೂಡಿಸುವ ಹಾಫ್‌ಟೋನ್ ಬ್ಲಾಕ್ ಅಂದುಕೊಂಡರು. ಎರಡೂ ಅಲ್ಲ.

ಕೆಲಸ ನಡೆಯುವುದು ಹೀಗೆ. ನುಣುಪಾದ ತಾಮ್ರದ ತಗಡು. ಅದರ ಮೇಲೆ ಬಾಗಿದ ಅಂಚಿನ, ಸಣ್ಣ ಹಲ್ಲುಗಳ ಅಗಲ ಉಳಿಯನ್ನು ನಿಲ್ಲಿಸಿ ಆಚೆ ಈಚೆ ತೂಗುತ್ತಾ ಹೋಗಬೇಕು. ಉದ್ದಕ್ಕೆ, ಅಡ್ಡಕ್ಕೆ, ಓರೆಗೆ, ಮತ್ತೆ ಮತ್ತೆ. ಇಡೀ ತಗಡು ತರಿತರಿಯಾಗುತ್ತದೆ. ಆಗಲೇ ಮಸಿ ಹಚ್ಚಿ ಒತ್ತಿದರೆ ಬರುವುದು ಬರೀ ಕಪ್ಪು, ಮಖಮಲ್ಲಿನಂಥ ಕಪ್ಪು. ಚಿತ್ರ ಶುರುವಾಗುವುದು ಆಮೇಲೆ. ಬೆಳಕು ಬೇಕಾದ ಕಡೆ ತರಿಯನ್ನು ಹೆರೆಯುತ್ತಾರೆ. ಸ್ವಲ್ಪ ಹೆರೆದರೆ ಬೂದು, ಪೂರ್ತಿ ಹೆರೆದು ಉಜ್ಜಿದರೆ ಮಸಿ ನಿಲ್ಲದೆ ಬಿಳಿ.

ಇಂಗ್ಲಿಷ್ ಚಿತ್ರಕಾರ ಜೋಸೆಫ್ ರೈಟ್ ಬಿಡಿಸಿದ, ಗಾಜಿನ ಬುರುಡೆಯಿಂದ ಗಾಳಿ ಎಳೆದು ತೆಗೆಯುವ ಗಾಳಿಪಂಪಿನ ಪ್ರಯೋಗದ ಚಿತ್ರವನ್ನು ಅಚ್ಚುಗಾರ ವ್ಯಾಲೆಂಟೈನ್ ಗ್ರೀನ್ 1769ರಲ್ಲಿ ಹೀಗೆ ಅಚ್ಚಿಗೆ ತಂದ. ಮೇಜಿನ ಮೇಲೆ ಗಾಜಿನ ಪಾತ್ರೆ, ದೀಪ ಅದರ ಹಿಂದೆ ಅಡಗಿದೆ. ಮೇಲಿನ ಗಾಜಿನ ಬುರುಡೆಯೊಳಗೆ ಹಕ್ಕಿ. ನೋಡಲಾರದೆ ಹುಡುಗಿಯೊಬ್ಬಳು ಕೈಯಿಂದ ಮುಖ ಮುಚ್ಚಿಕೊಂಡಿದ್ದಾಳೆ. ಕತ್ತಲಲ್ಲಿ ಮುಖಗಳಷ್ಟೇ ಹೊಳೆಯುತ್ತವೆ. ಇದರಲ್ಲಿ ‘ಅರೆ’ ಎಲ್ಲಿದೆ ಹೇಳಿ?

ಬೇರೆ ಭಾಷೆಯವರು ಏನನ್ನುತ್ತಾರೆ ಅಂತ ನೋಡಿದೆ. ಜರ್ಮನ್ನರದು ‘ಹೆರೆಯುವ ಕಲೆ’. ಫ್ರೆಂಚರದು ‘ಕಪ್ಪು ರೀತಿ’. ‘ಇಂಗ್ಲಿಷ್ ರೀತಿ’ ಅಂತಲೂ ಅನ್ನುತ್ತಿದ್ದರು. ತಮಾಷೆ ಅಂದರೆ ಇದು ಇಂಗ್ಲೆಂಡಿನಲ್ಲಿ ಹುಟ್ಟಿದ್ದಲ್ಲ. 1642ರಲ್ಲಿ ಜರ್ಮನಿಯ ಲೂಡ್ವಿಗ್ ಫಾನ್ ಜೀಗನ್ ಮೊದಲು ಮಾಡಿದ. ರಾಜಕುಮಾರ ರೂಪರ್ಟ್ ಇಂಗ್ಲೆಂಡಿಗೆ ತಂದ. 1662ರಲ್ಲಿ ಇಂಗ್ಲಿಷ್ ಲೇಖಕ ಜಾನ್ ಈವ್ಲಿನ್ ತನ್ನ ಪುಸ್ತಕದಲ್ಲಿ ಇದರ ಸುದ್ದಿ ಕೊಟ್ಟ. ಆದರೆ ಮುಂದಿನ ಶತಮಾನದಲ್ಲಿ ರೆನಾಲ್ಡ್ಸ್‌ನಂಥ ಚಿತ್ರಕಾರರು ಬಿಡಿಸಿದ ಭಾವಚಿತ್ರಗಳನ್ನು ಮನೆಮನೆಗೆ ಮುಟ್ಟಿಸಿದ್ದು ಇಂಗ್ಲೆಂಡಿನ ಅಚ್ಚುಗಾರರೇ. ಹಾಗಾಗಿ ಹೆಸರು ಅವರಿಗೇ ಅಂಟಿತು.

ನನಗೆ ಜರ್ಮನ್ನರ ದಾರಿ ಸರಿ ಅನ್ನಿಸುತ್ತದೆ. ‘ಹೆರೆಯಚ್ಚು’ ಅನ್ನಬಹುದಾ? ಕರಾವಳಿಯವರಿಗೆ ತೆಂಗಿನಕಾಯಿ ತುರಿಯುವ ಹೆರೆಮಣೆ ಗೊತ್ತು, ಬೇಗ ಹಿಡಿಸುತ್ತದೆ. (ಒಂದೇ ತಕರಾರು: ಅಲ್ಲಿ ಹೆರೆದದ್ದನ್ನು ಇಟ್ಟುಕೊಳ್ಳುತ್ತೇವೆ, ಇಲ್ಲಿ ಎಸೆಯುತ್ತಾರೆ!) ‘ಕೆರೆದಚ್ಚು’ ಅಂದರೆ ಯಾಕೋ ತುರಿಕೆಯ ನೆನಪಾಗುತ್ತದೆ, ಬೇಡ. ತೂಗುವ ಉಳಿಗೆ ಫ್ರೆಂಚರು ತೊಟ್ಟಿಲು ಅಂತಲೇ ಅನ್ನುತ್ತಾರೆ. ನಾವೂ ‘ತೊಟ್ಟಿಲುಳಿ’ ಅಂದರೆ ಚೆನ್ನ ಅಲ್ವಾ?

ಸಿಕ್ಕಿಕೊಂಡಿರುವುದು ಆ ತರಿ ಎಬ್ಬಿಸುವ ಕೆಲಸದ ಹೆಸರಿನಲ್ಲಿ. ಉಳಿ ಒತ್ತಿದಲ್ಲಿ ಕುಳಿ ಬೀಳುತ್ತದೆ, ಪಕ್ಕದಲ್ಲಿ ತಾಮ್ರದ ಮುಳ್ಳೇಳುತ್ತದೆ. ಮಸಿ ಹಿಡಿಯುವುದು ಎರಡೂ ಸೇರಿ. ಲೇತ್ ಕೆಲಸದವರು ಇಂಥ ಮುಳ್ಳಿಗೆ ‘ಬರ್’ ಅಂತಾರೆ. ನನಗೆ ನೆನಪಾದದ್ದು ಅಜ್ಜಿ ಮನೆಯ ಒರಳು. ನುಣ್ಣಗಾದ ಒರಳಲ್ಲಿ ಹಿಟ್ಟು ರುಬ್ಬಿದರೆ ಜಾರುತ್ತದೆ. ಕಲ್ಲು ಕುಟ್ಟುವವರು ಬಂದು ಉಳಿಯಿಂದ ಟಕಟಕ ಕಕ್ಕು ಹಾಕಿ, ಅಂದರೆ ಮತ್ತೆ ತರಿ ಎಬ್ಬಿಸಿ, ಹೋಗುತ್ತಿದ್ದರು. ಕುಡುಗೋಲಿಗೂ ಕಕ್ಕು ಹಾಕಿಸುತ್ತಿದ್ದೆವು. ತಾಮ್ರದ ತರಿಯೂ ಹೀಗೇ, ಒತ್ತುತ್ತಾ ಹೋದಂತೆ ಬೇಗ ಸವೆಯುತ್ತದೆ. ಮೊದಮೊದಲ ಪ್ರತಿಗಳಿಗೆ ಬೆಲೆ ಜಾಸ್ತಿ ಇರುವುದು ಅದಕ್ಕೇ. ಸವೆದಲ್ಲಿ ಮತ್ತೆ ಹಲ್ಲು ಕೊಟ್ಟು ಮುದ್ರಿಸುವುದೂ ಇತ್ತು. 1820ರ ದಶಕದಲ್ಲಿ ಉಕ್ಕಿನ ತಗಡು ಬಂದ ಮೇಲೆ ಆ ಕಷ್ಟ ಕಡಿಮೆಯಾಯಿತು.

‘ತಗಡಿಗೆ ಕಕ್ಕು ಹಾಕುವುದು’ ಅಂತ ಬರೆದರೆ ನಿಮಗೆ ಅರ್ಥವಾಗುತ್ತದಾ? ನಿಮ್ಮ ಕಡೆ ಒರಳಿಗೆ, ಬೀಸುಕಲ್ಲಿಗೆ ಮಾಡಿಸುವ ಈ ಕೆಲಸಕ್ಕೆ ಬೇರೆ ಮಾತಿದ್ದರೆ ಊರಿನ ಹೆಸರಿನ ಜೊತೆ ತಿಳಿಸಿ. ಈಗಿನ ಹುಡುಗರಿಗೆ ‘ಕಕ್ಕು’ ಅಂದರೆ ವಾಂತಿಯೇ ಮೊದಲು ನೆನಪಾಗುತ್ತದೋ ಏನೋ, ಅದನ್ನೂ ಹೇಳಿ.