ಬ್ಯಾಂಡ್ ಕ್ಲ್ಯಾಂಪ್ ಎಷ್ಟು ಬಿಗಿದರೂ ರಾಚೆಟ್‌ನ ಎದುರು ಬದಿಯ ಸಂದು ಕೂಡುತ್ತಿಲ್ಲ

ಪ್ರಶ್ನೆ: ಮಲೆನಾಡಿಗ

ನಮಸ್ಕಾರ. ಶಿರಸಿಯ ನಮ್ಮ ಮನೆಯ ಅಂಗಳಕ್ಕಾಗಿ ತೇಗದಲ್ಲಿ ಎಂಟು ಮುಖದ ಹೂಕುಂಡಗಳನ್ನು ಮಾಡುತ್ತಿದ್ದೇನೆ. ಒಂದು ಅಡಿ ಎತ್ತರ, ನಾಲ್ಕು ಅಂಗುಲ ಅಗಲ, ಮುಕ್ಕಾಲು ಅಂಗುಲ ದಪ್ಪದ ಎಂಟು ಹಲಗೆಗಳ ಎರಡೂ ಅಂಚುಗಳನ್ನು 22.5 ಡಿಗ್ರಿಗೆ ಓರೆಯಾಗಿ ಕೊಯ್ದು, ಅಂಟು ಸವರಿ, 25 ಮಿ.ಮೀ. ಅಗಲದ ನೈಲಾನ್ ಪಟ್ಟಿಯ ಬ್ಯಾಂಡ್ ಕ್ಲ್ಯಾಂಪ್ ಒಂದನ್ನು ನಡುಮಟ್ಟದಲ್ಲಿ ಸುತ್ತಿ ಬಿಗಿದೆ. ರಾಚೆಟ್ (ಪಟ್ಟಿಯನ್ನು ಎಳೆದು ಬಿಗಿಯುವ ಹಲ್ಲುಚಕ್ರದ ಹಿಡಿಕೆ) ಇದ್ದ ಬದಿಯ ಸಂದುಗಳು ಕೂದಲು ತೂರದಷ್ಟು ಚೆನ್ನಾಗಿ ಕೂಡಿಕೊಂಡವು. ಆದರೆ ಅದರ ಎದುರಿನ ಸಂದು ಸುಮಾರು ಒಂದು ಮಿ.ಮೀ. ಬಾಯಿ ಬಿಟ್ಟುಕೊಂಡೇ ಒಣಗಿತು. ಇನ್ನಷ್ಟು ಬಿಗಿಯಲು ಹೋದಾಗ ರಾಚೆಟ್‌ನ ಲೋಹದ ಅಂಚು ಮರವನ್ನು ಕಚ್ಚಿ ಕಲೆ ಮಾಡಿತೇ ಹೊರತು ಎದುರು ಬದಿ ಅಲುಗಲಿಲ್ಲ. ಕ್ಲ್ಯಾಂಪಿನ ಜೊತೆ ಬಂದ ಪ್ಲಾಸ್ಟಿಕ್ ಮೂಲೆಗಳು 90 ಡಿಗ್ರಿಯವಾದ್ದರಿಂದ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಎರಡನೆಯ ಕುಂಡಕ್ಕೆ ಇದಕ್ಕಿಂತ ಬಲವಾದ ಕ್ಲ್ಯಾಂಪ್ ಕೊಳ್ಳಬೇಕೇ, ಇಲ್ಲವೇ ತಪ್ಪು ನನ್ನ ಕೊಯ್ತದಲ್ಲೇ ಇದೆಯೇ?

ಉತ್ತರ: ಕೀಸುಳಿ

ಹೊಸ ಕ್ಲ್ಯಾಂಪಿಗೆ ದುಡ್ಡು ಹಾಕುವ ಮೊದಲು, ಎರಡನೆಯ ಕುಂಡದ ಎಂಟೂ ಹಲಗೆಗಳನ್ನು ಅಂಟಿಲ್ಲದೆ ನಿಲ್ಲಿಸಿ, ಅವುಗಳಿಗೆ ಸೀಮೆಸುಣ್ಣದಿಂದ ಅಂಕಿ ಹಾಕಿ, ಒಮ್ಮೆ ಬಿಗಿದು ನೋಡಿ. ಬಳಿಕ ಪಟ್ಟಿಯನ್ನು ಸಡಿಲಿಸಿ, ಹಲಗೆಗಳನ್ನು ಕದಲಿಸದೆ, ರಾಚೆಟ್ಟನ್ನು ಎದುರು ಬದಿಗೆ ತಂದು ಮತ್ತೆ ಬಿಗಿಯಿರಿ. ಬಿರುಕು ಅದೇ ಸಂದಿನಲ್ಲಿ ಉಳಿದರೆ ದೋಷ ಕೊಯ್ತದ್ದು. ರಾಚೆಟ್ಟಿನಿಂದ ದೂರವಾದ ಬದಿಗೇ ಓಡಿಹೋದರೆ ದೋಷ ಪಟ್ಟಿಯ ಎಳೆತದ್ದು.

ಕೊಯ್ತದ ಲೆಕ್ಕ ಸರಳ. ಎಂಟು ಹಲಗೆಗಳಿಗೆ ಹದಿನಾರು ಓರೆ ಅಂಚುಗಳಿವೆ. ಗರಗಸದ ಬ್ಲೇಡ್ ಕಾಲು ಡಿಗ್ರಿ ತಪ್ಪಿದ್ದರೂ ಸುತ್ತು ಮುಗಿಯುವಾಗ ನಾಲ್ಕು ಡಿಗ್ರಿ ಹೆಚ್ಚುಕಡಿಮೆಯಾಗುತ್ತದೆ, ಮುಕ್ಕಾಲು ಅಂಗುಲ ದಪ್ಪದಲ್ಲಿ ಅದು ಒಂದು ಮಿ.ಮೀ. ದಾಟಿದ ಬಿರುಕಾಗಿ ಕಾಣುತ್ತದೆ. ಅದರ ಆಕಾರವನ್ನೂ ಗಮನಿಸಿ. ಹೊರಗೆ ಬಾಯಿ ತೆರೆದು ಒಳಗೆ ಮುಟ್ಟಿದ್ದರೆ ಓರೆ 22.5ಕ್ಕಿಂತ ಕಡಿಮೆಯಾಗಿದೆ, ಒಳಗೆ ತೆರೆದು ಹೊರಗೆ ಮುಟ್ಟಿದ್ದರೆ ಹೆಚ್ಚಾಗಿದೆ. ಒಳಗೂ ಹೊರಗೂ ಒಂದೇ ಅಗಲವಿದ್ದರೆ ಹಲಗೆಗಳು ಹತ್ತಿರ ಬಂದೇ ಇಲ್ಲ ಎಂದರ್ಥ, ಮತ್ತು ನಿಮ್ಮ ವಿವರಣೆ ಓದಿದರೆ ನನಗೆ ಅನುಮಾನವಿರುವುದು ಇದರ ಮೇಲೆಯೇ.

ಬ್ಯಾಂಡ್ ಕ್ಲ್ಯಾಂಪ್ ಸುತ್ತಲೂ ಸಮವಾಗಿ ಒತ್ತುತ್ತದೆ ಎಂದು ಡಬ್ಬದ ಮೇಲೆ ಬರೆದಿರುತ್ತಾರೆ, ಆದರೆ ಅದು ಪೂರ್ತಿ ನಿಜವಲ್ಲ. ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿದರೆ ಬೆದರಿದ ಎತ್ತನ್ನೂ ಒಬ್ಬ ಹುಡುಗ ಹಿಡಿದು ನಿಲ್ಲಿಸಬಲ್ಲ. ಹಗ್ಗ ಮತ್ತು ಕಂಬದ ನಡುವಿನ ಘರ್ಷಣೆ ಎತ್ತಿನ ಎಳೆತವನ್ನು ತಿಂದುಹಾಕುತ್ತದೆ. ನಿಮ್ಮ ಕುಂಡವೂ ಆ ಕಂಬವೇ. ಪಟ್ಟಿ ಪ್ರತಿ ಮೂಲೆಯಲ್ಲಿ ತಿರುಗುವಾಗಲೂ ಎಳೆತದ ಒಂದು ಪಾಲನ್ನು ಅಲ್ಲಿಯೇ ಕಳೆದುಕೊಳ್ಳುತ್ತದೆ. ಘರ್ಷಣೆಯ ಗುಣಾಂಕ, ಅಂದರೆ ಪಟ್ಟಿ ಮರವನ್ನು ಎಷ್ಟು ಹಿಡಿಯುತ್ತದೆ ಎಂಬ ಅಳತೆ, 0.2 ಎಂದು ಹಿಡಿದರೂ, ಅರ್ಧ ಸುತ್ತು ತಿರುಗಿ ಎದುರು ಬದಿಗೆ ತಲುಪುವ ಹೊತ್ತಿಗೆ ರಾಚೆಟ್ ಬಳಿಯ ಎಳೆತದಲ್ಲಿ ನೂರಕ್ಕೆ ಸುಮಾರು 53 ಪಾಲು ಮಾತ್ರ ಉಳಿದಿರುತ್ತದೆ, 0.3 ಆದರೆ 39ಕ್ಕೆ ಇಳಿಯುತ್ತದೆ. ಮೂಲೆಗಳು ನಾಲ್ಕಿರಲಿ, ಎಂಟಿರಲಿ, ಒಟ್ಟು ತಿರುವು 180 ಡಿಗ್ರಿಯೇ ಆದ್ದರಿಂದ ಈ ನಷ್ಟ ಬದಲಾಗುವುದಿಲ್ಲ. ಕ್ಲ್ಯಾಂಪ್ ಬಲವಾದದ್ದಾದರೆ ಹತ್ತಿರದ ಬದಿ ಇನ್ನಷ್ಟು ಜಜ್ಜಿಹೋಗುತ್ತದೆ, ಅಷ್ಟೇ.

ಆದ್ದರಿಂದ ಒಂದು ದುಬಾರಿ ಕ್ಲ್ಯಾಂಪಿನ ಬದಲು ಅಗ್ಗದವು ಮೂರಿರಲಿ. ಒಂದು ಅಡಿ ಎತ್ತರಕ್ಕೆ ಮೇಲೆ, ನಡುವೆ, ಕೆಳಗೆ ಹೇಗೂ ಮೂರು ಬೇಕು. ಅವುಗಳ ರಾಚೆಟ್‌ಗಳನ್ನು ಒಂದೇ ಸಾಲಿನಲ್ಲಿ ಇಡದೆ ಮೂರು ಬೇರೆ ಬದಿಗಳಿಗೆ ಹಂಚಿ. ಮೂಲೆಗಳ ಮೇಲೆ ಪ್ಯಾಕಿಂಗ್ ಟೇಪ್ ಅಂಟಿಸಿದರೆ ಪಟ್ಟಿ ಜಾರುತ್ತದೆ, ಉಕ್ಕಿದ ಅಂಟೂ ಅದಕ್ಕೆ ಹಿಡಿಯುವುದಿಲ್ಲ. ಅರ್ಧ ಬಿಗಿದ ಮೇಲೆ ಪ್ರತಿ ಮೂಲೆಯ ಮೇಲಿನ ಪಟ್ಟಿಯನ್ನು ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತಾ ಸುತ್ತು ಬನ್ನಿ. ಸಿಕ್ಕಿಕೊಂಡ ಎಳೆತ ಟಕ್ ಎಂದು ಮುಂದಕ್ಕೆ ಸರಿಯುವುದು ಕೈಗೇ ತಿಳಿಯುತ್ತದೆ. ಆಮೇಲೆ ಉಳಿದರ್ಧ ಬಿಗಿಯಿರಿ.

ಕೊಳ್ಳುವಾಗ ನೈಲಾನ್‌ಗಿಂತ ಪಾಲಿಯೆಸ್ಟರ್ ಪಟ್ಟಿಯನ್ನು ಆರಿಸಿ. ನೈಲಾನ್ ಹೆಚ್ಚು ಹಿಗ್ಗುತ್ತದೆ, ಅದರಲ್ಲೂ ನಿಮ್ಮ ಊರಿನ ಮಳೆಗಾಲದಲ್ಲಿ ತೇವ ಹೀರಿ ಸಡಿಲಾಗುತ್ತದೆ. ಹಲ್ಲು ಹಲ್ಲಾಗಿ ಜಿಗಿಯುವ ಲಗೇಜ್ ರಾಚೆಟ್‌ಗಿಂತ, ತಿರುಪು ಹಿಡಿಕೆಯದ್ದು ಕೈಗೆ ಹೆಚ್ಚು ಹದ ಕೊಡುತ್ತದೆ. ಯಾವುದೇ ಆಗಲಿ, ಅದರ ಅಡಿಯಲ್ಲಿ ಪ್ಲೈವುಡ್ ಚೂರೊಂದನ್ನು ಇಡದೆ ಬಿಗಿಯಬೇಡಿ.

ಉತ್ತರ: ಹಳೆ ಕುರ್ಚಿ

ಮೇಲಿನ ಮಾತುಗಳೆಲ್ಲ ಸರಿ, ಆದರೆ ಮೂರು ಕ್ಲ್ಯಾಂಪ್ ಕೊಳ್ಳುವುದೂ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಪಂಕ್ಚರ್ ಅಂಗಡಿಯಲ್ಲಿ ಎಸೆದ ಸೈಕಲ್ ಟ್ಯೂಬ್ ತಂದು, ಉದ್ದಕ್ಕೆ ಸೀಳಿ, ಎಳೆದೆಳೆದು ಬುಡದಿಂದ ಬಾಯಿಯವರೆಗೆ ಸುತ್ತಿ. ಪ್ರತಿ ಗೇಣನ್ನೂ ನಾವೇ ಹಿಗ್ಗಿಸಿ ಕೂರಿಸುವುದರಿಂದ ಎಳೆತ ಒಂದು ತುದಿಯಿಂದ ಇನ್ನೊಂದಕ್ಕೆ ಪಯಣಿಸುವ ಪ್ರಮೇಯವೇ ಇಲ್ಲ, ಮತ್ತು ಒಂದರ ಮೇಲೊಂದು ಬಿದ್ದ ಸುತ್ತುಗಳ ಬಿಗಿ ಕೂಡುತ್ತಾ ಹೋಗುತ್ತದೆ. ಕಪ್ಪು ಕಲೆ ತಾಗದಂತೆ ಅಡಿಯಲ್ಲಿ ಕಾಗದ ಹಾಕಿ.

ಕುರ್ಚಿಯ ಕಾಲುಗಳನ್ನು ಕೂಡಿಸುವಾಗ ಮಾತ್ರ ನಾನು ಬ್ಯಾಂಡ್ ಕ್ಲ್ಯಾಂಪನ್ನೇ ಹಾಕುತ್ತೇನೆ, ಏಕೆಂದರೆ ಅಲ್ಲಿ ನಾಲ್ಕು ಕಡೆ ಮಾತ್ರ ಆಸರೆ ಇರುತ್ತದೆ ಮತ್ತು ಮೂಲೆಯಿಂದ ಮೂಲೆಗೆ ಅಳೆದು ಚೌಕವನ್ನು ತಿದ್ದುತ್ತಾ ಬಿಗಿಯಬೇಕಾಗುತ್ತದೆ.

ಇನ್ನೊಂದು ಮಾತು. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಾಕುವ ಸ್ವಲ್ಪ ಮೊದಲು ಅಂಚುಗಳನ್ನು ಅಸಿಟೋನ್‌ನಿಂದ ಒರೆಸಿ. ಅಂಗಳದಲ್ಲಿ ಮಳೆಗೆ ನಿಲ್ಲುವ ಕುಂಡಕ್ಕೆ ಸಾಮಾನ್ಯ ಬಿಳಿ ಅಂಟು ಬೇಡ, ನೀರು ತಡೆಯುವ ಬಗೆಯದ್ದೇ ಬೇಕು.

ಮಲೆನಾಡಿಗ

ಇಬ್ಬರಿಗೂ ಧನ್ಯವಾದಗಳು. ಅಂಟಿಲ್ಲದೆ ಬಿಗಿದು ನೋಡಿದೆ. ರಾಚೆಟ್ಟನ್ನು ಎದುರಿಗೆ ತಂದಾಗ ಬಿರುಕು ಐದನೆಯ ಸಂದಿನಿಂದ ಒಂದನೆಯದಕ್ಕೆ ಓಡಿತು, ಅಂದರೆ ದೋಷ ಬಹುಪಾಲು ಪಟ್ಟಿಯದೇ. ಟೇಪ್ ಅಂಟಿಸಿ, ತಟ್ಟಿ ಬಿಗಿದ ಮೇಲೆ ಒಳಬದಿಯಲ್ಲಿ ಮಾತ್ರ ಕಾಗದದ ದಪ್ಪದ ಗೆರೆಯೊಂದು ಉಳಿದಿದೆ, ಆದ್ದರಿಂದ ನನ್ನ ಓರೆಯೂ ಕೂದಲೆಳೆಯಷ್ಟು ಹೆಚ್ಚಾಗಿರಬೇಕು. ಅದನ್ನು ಸರಿಪಡಿಸಲು ಹದಿನಾರೂ ಅಂಚುಗಳನ್ನು ಮತ್ತೆ ಕೊಯ್ಯಬೇಕೇ? ಮೊದಲ ಕುಂಡವನ್ನು ಏನು ಮಾಡಲಿ?

ಕೀಸುಳಿ

ಕೊಯ್ಯಬೇಡಿ. ನಾಲ್ಕು ನಾಲ್ಕು ಹಲಗೆಗಳನ್ನು ಬೇರೆಬೇರೆಯಾಗಿ ಅಂಟಿಸಿ ಎರಡು ಅರ್ಧಗಳನ್ನು ಮಾಡಿಕೊಳ್ಳಿ. ಬಿಗಿಯುವಾಗ ಎರಡು ಅರ್ಧಗಳನ್ನೂ ಎದುರುಬದುರು ನಿಲ್ಲಿಸಿ, ಅಂಟಿಸದ ಎರಡು ಸಂದುಗಳಲ್ಲಿ ಪ್ಲಾಸ್ಟಿಕ್ ಹಾಳೆ ಇಟ್ಟರೆ ಸಾಕು. ಒಣಗಿದ ಮೇಲೆ ಸಮತಟ್ಟಾದ ಹಲಗೆಯೊಂದಕ್ಕೆ ಉಪ್ಪುಕಾಗದ ಅಂಟಿಸಿ, ಪ್ರತಿ ಅರ್ಧದ ಎರಡು ತೆರೆದ ಅಂಚುಗಳನ್ನೂ ಒಟ್ಟಿಗೆ ಅದರ ಮೇಲೆ ಉಜ್ಜಿ. ಎರಡೂ ಅಂಚುಗಳು ಒಂದೇ ಮಟ್ಟಕ್ಕೆ ಬಂದಾಗ, ಕೂಡಿಬಂದ ತಪ್ಪೆಲ್ಲ ಅಲ್ಲಿಯೇ ಸವೆದುಹೋಗುತ್ತದೆ.

ಮೊದಲ ಕುಂಡದ ಬಿರುಕಿನಲ್ಲಿ ತೆಳು ಗರಗಸವನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓಡಿಸಿ, ಒಣಗಿದ ಅಂಟನ್ನು ತೆಗೆಯಿರಿ. ಅದೇ ತೇಗದ ಚೂರನ್ನು ಬೆಣೆಯಂತೆ ಕೀಸಿ, ಅಂಟು ಹಚ್ಚಿ ಒಳಗೆ ತಳ್ಳಿ, ಒಣಗಿದ ನಂತರ ಹೊರಗೆ ಉಳಿದದ್ದನ್ನು ಉಳಿಯಿಂದ ಸವರಿಬಿಡಿ. ಎಳೆಗಳ ದಿಕ್ಕು ಹಲಗೆಯದರ ಜೊತೆ ಹೊಂದಿಸಿಕೊಂಡರೆ, ಹುಡುಕುವವರಿಗೆ ಮಾತ್ರ ಅದು ಕಾಣುತ್ತದೆ.